ಹಿಮ ಬಿದ್ದ ಮರುದಿನ ಇನೆಯ ದಡದಲ್ಲಿ

ಕ್ಯೋಟೋ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಹಳೆಯ ಗುಡಿಗಳು, ಕಲ್ಲು ಮರಳಿನ ತೋಟಗಳು ಮತ್ತು ಏಪ್ರಿಲಿನ ಚೆರ್ರಿ ಹೂಗಳು. ಆ ನಗರಕ್ಕೆ ಕಡಲಿಲ್ಲ; ಆದರೆ ಅದೇ ಹೆಸರಿನ ಪ್ರಾಂತ್ಯಕ್ಕೆ ಇದೆ. ಬೆಟ್ಟಗಳನ್ನು ದಾಟುತ್ತ ಉತ್ತರಕ್ಕೆ ಹೋದರೆ ಪ್ರಾಂತ್ಯವು ತಾಂಗೋ ಎಂಬ ಪರ್ಯಾಯ ದ್ವೀಪವಾಗಿ ಜಪಾನ್ ಸಮುದ್ರದೊಳಕ್ಕೆ ಚಾಚಿಕೊಳ್ಳುತ್ತದೆ. ಅದರ ಪೂರ್ವದ ಅಂಚಿನ ಒಂದು ಸಣ್ಣ ಕೊಲ್ಲಿಯನ್ನು ಬಳಸಿಕೊಂಡು ಇನೆ ಎಂಬ ಮೀನುಗಾರರ ಊರಿದೆ. ಸುಮಾರು ಐದು ಕಿಲೋಮೀಟರ್ ದಡದುದ್ದಕ್ಕೂ 230ರಷ್ಟು ಮರದ ಕಟ್ಟಡಗಳು ಒಂದಕ್ಕೊಂದು ಒತ್ತಿಕೊಂಡು ನೀರಿನ ಅಂಚಿನಲ್ಲೇ ನಿಂತಿರುವ ಚಿತ್ರವನ್ನು ನೀವು ಯಾವುದಾದರೊಂದು ಪ್ರವಾಸೋದ್ಯಮದ ಜಾಹೀರಾತಿನಲ್ಲಿ ನೋಡಿರಲೂಬಹುದು. ಆ ಚಿತ್ರ ಸಾಮಾನ್ಯವಾಗಿ ಬೇಸಿಗೆಯದು. ನಾನು ಬರೆಯಹೊರಟಿರುವುದು ಜನವರಿಯ ಇನೆಯ ಬಗ್ಗೆ, ರಾತ್ರಿಯಿಡೀ ಸುರಿದ ಹಿಮ ಬೆಳಗಿನ ಜಾವಕ್ಕೆ ನಿಂತ ಒಂದು ದಿನ ಆ ದಡದ ರಸ್ತೆಯಲ್ಲಿ ನಡೆದಾಗ ಕಂಡದ್ದರ ಬಗ್ಗೆ.

ನಾನು ಹುಟ್ಟಿ ಬೆಳೆದದ್ದು ಗಂಗೊಳ್ಳಿಯ ಅಳಿವೆಯ ಹತ್ತಿರ. ಈಗ ಕೆಲಸದ ನಿಮಿತ್ತ ಒಸಾಕಾದಲ್ಲಿದ್ದೇನೆ. ಕಡಲ ಊರೊಂದಕ್ಕೆ ಹೋಗಿ ಇಳಿದರೆ ಕಾಲು ತಾನಾಗಿ ಧಕ್ಕೆಯ ಕಡೆಗೆ ತಿರುಗುವ ಅಭ್ಯಾಸ ಊರಿನಿಂದಲೇ ಬಂದದ್ದು. ಆದರೆ ಕಡಲ ದಡದಲ್ಲಿ ಹಿಮ ಎಂಬುದು ಮಾತ್ರ ನನ್ನ ಕಲ್ಪನೆಗೆ ಸುಲಭವಾಗಿ ಸಿಕ್ಕುವಂಥದ್ದಾಗಿರಲಿಲ್ಲ. ಹಿಮವೆಂದರೆ ಬೆಟ್ಟದ ತುದಿಯದು, ಕಡಲೆಂದರೆ ಬೆವರಿನದು ಎಂದೇ ನಮ್ಮ ಕರಾವಳಿಯವರ ಲೆಕ್ಕ. ಅಮಾನೊಹಾಶಿದಾತೆ ನಿಲ್ದಾಣದಿಂದ ಸುಮಾರು ಒಂದು ಗಂಟೆ ದಡವನ್ನೇ ಹಿಡಿದು ಹೋಗುವ ಬಸ್ಸಿನ ಕಿಟಕಿಯಲ್ಲಿ, ಒಂದು ಬದಿಗೆ ಉಪ್ಪುನೀರು ಕಪ್ಪಗೆ ಅಲುಗಾಡುತ್ತ ಇನ್ನೊಂದು ಬದಿಗೆ ಗದ್ದೆಗಳು ಬೆಳ್ಳಗೆ ಹೂತುಹೋಗುತ್ತ ಇದ್ದುದನ್ನು ನೋಡುವಾಗ ಎರಡು ಬೇರೆ ಬೇರೆ ದೇಶಗಳ ನಡುವಿನ ಗಡಿಯಲ್ಲಿ ಬಸ್ಸು ಓಡುತ್ತಿದೆ ಎನ್ನಿಸಿತು.

ಹಾಗೆನ್ನಿಸುವುದು ಸಹಜ; ಆದರೆ ಆ ಭಾಗದ ಹಿಮ ಕಡಲಿನದೇ ಉತ್ಪನ್ನ. ಚಳಿಗಾಲದಲ್ಲಿ ಸೈಬೀರಿಯಾದ ಮೇಲೆ ಭಾರವಾದ ತಣ್ಣನೆಯ ಗಾಳಿ ಶೇಖರವಾಗುತ್ತದೆ. ಅದು ಅಲ್ಲಿಂದ ಆಗ್ನೇಯಕ್ಕೆ ಹರಿದು ಬರುವಾಗ ಬಹಳ ಒಣಗಿರುತ್ತದೆ. ಅದೇ ಹೊತ್ತಿಗೆ ಕುರೊಶಿಯೊ ಎಂಬ ಬೆಚ್ಚನೆಯ ಕಡಲ ಪ್ರವಾಹದ ಕವಲೊಂದು ತ್ಸುಶಿಮಾ ಜಲಸಂಧಿಯ ಮೂಲಕ ಒಳಗೆ ನುಗ್ಗಿ ಜಪಾನ್ ಸಮುದ್ರದ ಈ ಬದಿಯನ್ನು ಚಳಿಗಾಲದಲ್ಲೂ ಬೆಚ್ಚಗಿಟ್ಟಿರುತ್ತದೆ. ಬೆಚ್ಚಗೆಂದರೆ ಸ್ನಾನ ಮಾಡುವಷ್ಟಲ್ಲ, ಹತ್ತು ಡಿಗ್ರಿಗಿಂತ ತುಸು ಮೇಲೆ. ಆದರೆ ಸೊನ್ನೆಗಿಂತ ಎಷ್ಟೋ ಕೆಳಗಿನ ಗಾಳಿಗೆ ಅದೇ ಕುದಿಯುವ ಹಂಡೆಯಿದ್ದಂತೆ. ಒಣಗಾಳಿ ನೂರಾರು ಕಿಲೋಮೀಟರ್ ಕಡಲನ್ನು ದಾಟುತ್ತ ಆವಿಯನ್ನು ಹೀರಿಕೊಂಡು, ಸಾಲು ಸಾಲು ಮೋಡಗಳಾಗಿ ಹೆಪ್ಪುಗಟ್ಟಿ, ಜಪಾನಿನ ಬೆನ್ನೆಲುಬಿನಂತಿರುವ ಬೆಟ್ಟಗಳಿಗೆ ಬಂದು ತಾಗಿದಾಗ ಹೊತ್ತು ತಂದದ್ದನ್ನೆಲ್ಲ ಅಲ್ಲೇ ಇಳಿಸಿಬಿಡುತ್ತದೆ. ಬೆಟ್ಟ ದಾಟಿ ಆಚೆ ಇಳಿಯುವ ಗಾಳಿಯಲ್ಲಿ ಹೆಚ್ಚೇನೂ ಉಳಿದಿರುವುದಿಲ್ಲ. ಆದ್ದರಿಂದಲೇ ಟೋಕಿಯೋದ ಜನವರಿ ಬಿಸಿಲಿನದು, ತಾಂಗೋದ ಜನವರಿ ಹಿಮದ್ದು.

ಕಡಲು, ಗಾಳಿ, ಅಡ್ಡನಿಂತ ಬೆಟ್ಟ ಎಂಬ ಈ ಮೂರರ ವ್ಯವಹಾರ ಕರಾವಳಿಯವರಿಗೆ ಹೊಸದೇನಲ್ಲ. ಅರಬ್ಬೀ ಸಮುದ್ರದ ಆವಿಯನ್ನು ನೈಋತ್ಯದ ಗಾಳಿ ಸಹ್ಯಾದ್ರಿಗೆ ತಂದೊಡ್ಡುವುದರಿಂದಲೇ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಆಸುಪಾಸು ಮಳೆಯಾಗುತ್ತದೆ, ಘಟ್ಟ ಇಳಿದು ಮೂಡಲಿಗೆ ಹೋದಂತೆ ಅದು ಬಹುಬೇಗ ಕಡಿಮೆಯಾಗುತ್ತದೆ. ಹವಾಮಾನಶಾಸ್ತ್ರದವರು ಜಪಾನಿನ ಈ ಗಾಳಿಯನ್ನು ಚಳಿಗಾಲದ ಮಾನ್ಸೂನ್ ಎಂದೇ ಕರೆಯುತ್ತಾರೆ, ಮತ್ತು ಅದು ಅಲಂಕಾರದ ಮಾತಲ್ಲ. ಇನೆಯವರಿಗೆ ಇದು ಮಳೆಗಾಲವೇ. ಬೀಳುವುದು ಬೆಳ್ಳಗಿರುತ್ತದೆ, ಅಷ್ಟೆ. ತಾಂಗೋ ಕಡೆಯ ಹಳೆಯ ಗಾದೆಯೊಂದು ಬುತ್ತಿ ಮರೆತರೂ ಕೊಡೆ ಮರೆಯಬೇಡ ಎನ್ನುತ್ತದೆ. ನಮ್ಮ ಜೂನ್ ತಿಂಗಳಿಗೆ ಅದನ್ನು ಹಾಗೆಯೇ ಒಪ್ಪಿಸಬಹುದು.

ಹಿಂದಿನ ರಾತ್ರಿ ನಾನು ಮಲಗಿದ್ದು ನೀರಿನ ಮೇಲಿನ ಉಪ್ಪರಿಗೆಯಲ್ಲಿ. ಇನೆಯ ಈ ಕಟ್ಟಡಗಳನ್ನು ಫುನಯಾ ಎನ್ನುತ್ತಾರೆ, ದೋಣಿಮನೆಗಳು. ಕೆಳಗಿನ ಅಂತಸ್ತು ದೋಣಿಯದು: ಕಡಲ ಕಡೆಗೆ ಬಾಗಿಲಿಲ್ಲದೆ ತೆರೆದುಕೊಂಡ, ಕಲ್ಲು ಹಾಸಿದ ನೆಲ ನೀರಿನೊಳಕ್ಕೆ ಇಳಿಜಾರಾಗಿ ಇಳಿದುಹೋಗುವ ಒಂದು ಕೋಣೆ. ದೋಣಿಯನ್ನು ನೀರಿನಿಂದ ನೇರವಾಗಿ ಅದರೊಳಕ್ಕೆ ಎಳೆದು ನಿಲ್ಲಿಸುತ್ತಿದ್ದರು. ಮೇಲಿನದು ಮೊದಲು ಬಲೆ, ಹಗ್ಗ, ಒಣಗಲಿಟ್ಟ ಸಾಮಾನುಗಳ ಅಟ್ಟವಾಗಿತ್ತು. ಮಾಡಿಗೆ ಹುಲ್ಲು ಹೊದಿಸುತ್ತಿದ್ದರು. ಹೆಂಚಿನ ಮಾಡು, ಸರಿಯಾದ ಎರಡನೆಯ ಅಂತಸ್ತು ಇವೆಲ್ಲ ಹೆಚ್ಚಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಈಚೆಗೆ, ಮೀನಿನಿಂದ ಊರಿಗೆ ಒಳ್ಳೆಯ ಹಣ ಬಂದ ಕಾಲದಲ್ಲಿ ಆದವು. ಮನೆಯವರು ವಾಸಿಸುವ ದೊಡ್ಡ ಮನೆ ರಸ್ತೆಯ ಆಚೆ, ಗುಡ್ಡದ ಬುಡದಲ್ಲಿ ಇರುತ್ತದೆ. ಈ ಎರಡರ ನಡುವಿನ ರಸ್ತೆಯೂ ಹಳೆಯದಲ್ಲ. 1930ರ ದಶಕದಲ್ಲಿ ಅದನ್ನು ಮಾಡುವ ಮೊದಲು ಅಲ್ಲಿ ಮನೆಗಳ ಅಂಗಳಗಳಷ್ಟೇ ಇದ್ದವು, ಊರಿನ ಒಂದು ಮೂಲೆಯಿಂದ ಇನ್ನೊಂದಕ್ಕೆ ಹೋಗುವವರು ದೋಣಿಯಲ್ಲಿ ಹೋಗುತ್ತಿದ್ದರು.

ಕಡಲಿಗೆ ಇಷ್ಟು ಹತ್ತಿರ ಮನೆ ಕಟ್ಟಿಕೊಂಡು ಬದುಕಬಹುದೆಂಬುದನ್ನು ಗಂಗೊಳ್ಳಿಯವರು ನಂಬಲಾರರು. ನಮ್ಮಲ್ಲಿ ಮಳೆಗಾಲ ಬಂತೆಂದರೆ ದೋಣಿಗಳನ್ನು ಮೇಲಕ್ಕೆಳೆದು ಮಡಲು ಹೊದಿಸಿ ಕಡಲಿಗೆ ಬೆನ್ನು ಹಾಕಿ ಕೂರುವುದೇ ಕ್ರಮ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವೂ ಇದೆ. ಇನೆಯಲ್ಲಿ ಅದು ಸಾಧ್ಯವಾದದ್ದಕ್ಕೆ ಕಾರಣಗಳಿವೆ. ಜಪಾನ್ ಸಮುದ್ರಕ್ಕೆ ಮುಖ ಮಾಡಿದ ಈ ದಡದಲ್ಲಿ ಇನೆಯ ಕೊಲ್ಲಿ ಅಪರೂಪವೆಂಬಂತೆ ತೆರೆದುಕೊಂಡಿರುವುದು ದಕ್ಷಿಣಕ್ಕೆ. ಉತ್ತರದ ಗಾಳಿಗೆ ಬೆಟ್ಟ ಅಡ್ಡವಿದೆ, ಕೊಲ್ಲಿಯ ಬಾಯಿಗೆ ಅಓಶಿಮಾ ಎಂಬ ಕಾಡಿನ ಸಣ್ಣ ದ್ವೀಪ ಬೆಣೆ ಹೊಡೆದಂತೆ ಕೂತಿದೆ. ಬೆಟ್ಟ ನೇರವಾಗಿ ನೀರಿಗೆ ಇಳಿಯುವುದರಿಂದ ದಡದಲ್ಲೇ ಆಳವಿದೆ, ಅಲೆ ಒಡೆಯಲು ಮರಳ ತೀರವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಜಪಾನ್ ಸಮುದ್ರ ಕಿರಿದಾದ ಜಲಸಂಧಿಗಳಿಂದ ಮಾತ್ರ ಹೊರಗಿನ ಸಾಗರಕ್ಕೆ ಸೇರಿಕೊಂಡಿರುವುದರಿಂದ ಅಲ್ಲಿ ಭರತ ಇಳಿತಗಳ ವ್ಯತ್ಯಾಸ ಬಹಳ ಕಡಿಮೆ. ಇನೆಯಲ್ಲಿ ಅದು ಅರ್ಧ ಮೀಟರಿನ ಸುತ್ತಮುತ್ತ. ನೀರು ಹೊಸ್ತಿಲವರೆಗೆ ಬಂದು ಅಲ್ಲೇ ನಿಲ್ಲುತ್ತದೆ ಎಂಬ ಭರವಸೆಯ ಮೇಲೆ ಇಡೀ ಊರು ನಿಂತಿದೆ.

ರಾತ್ರಿ ಒಂದೆರಡು ಸಲ ಗುಡುಗಿತು. ಹಿಮ ಬೀಳುವಾಗ ಗುಡುಗುವುದು ಲೋಕದಲ್ಲಿ ಹೆಚ್ಚು ಕಡೆ ಕಾಣಸಿಗುವುದಿಲ್ಲ, ಆದರೆ ಜಪಾನ್ ಸಮುದ್ರದ ಈ ದಡ ಅದಕ್ಕೆ ಹೆಸರಾದದ್ದು. ಡಿಸೆಂಬರಿನ ಆರಂಭದ ಹೊತ್ತಿಗೆ ಬರುವ ಇಂಥ ಗುಡುಗಿಗೆ ಮೀನುಗಾರರು ಬುರಿಯನ್ನು ಎಬ್ಬಿಸುವ ಗುಡುಗು ಎನ್ನುತ್ತಾರೆ. ಬುರಿ ಎಂದರೆ ಪೂರ್ತಿ ಬೆಳೆದ, ಹಳದಿ ಬಾಲದ ಒಂದು ದೊಡ್ಡ ಮೀನು. ನೀರು ತಣ್ಣಗಾದಂತೆ ಉತ್ತರದಿಂದ ದಕ್ಷಿಣಕ್ಕೆ ಇಳಿದುಬರುವ ಅದು ಚಳಿಗಾಲದಲ್ಲಿ ಮೈತುಂಬ ಕೊಬ್ಬು ತುಂಬಿಕೊಂಡಿರುತ್ತದೆ. ಗುಡುಗು ಮೀನನ್ನು ಎಬ್ಬಿಸುತ್ತದೆಯೋ ಇಲ್ಲವೋ, ಎರಡನ್ನೂ ತರುವ ತಣ್ಣನೆಯ ಗಾಳಿ ಒಂದೇ ಆದ್ದರಿಂದ ಆ ಮಾತು ಪೊಳ್ಳಲ್ಲ. ಮಳೆಗಾಲ ಕಳೆದ ಮೇಲೆ ಗಾಳಿ ತಿರುಗುವುದನ್ನು ನೋಡಿ ಬಂಗುಡೆ ಬರುವ ಹೊತ್ತನ್ನು ಹೇಳುವವರು ನಮ್ಮಲ್ಲೂ ಇದ್ದಾರೆ. ಅವರ ಮಾತಿನಲ್ಲಿ ಕಾರಣ ತಪ್ಪಿರಬಹುದು, ತಿಂಗಳು ತಪ್ಪುವುದಿಲ್ಲ.

ಬೆಳಿಗ್ಗೆ ಹೊರಗೆ ಬಂದಾಗ ಬಾಗಿಲ ಮುಂದೆ ಮೊಣಕಾಲಿಗೆ ಸ್ವಲ್ಪ ಕಡಿಮೆ ಹಿಮವಿತ್ತು. ಉತ್ತರದ ದ್ವೀಪವಾದ ಹೊಕ್ಕಾಯ್ಡೋದ ಹಿಮ ಹಿಟ್ಟಿನಂತೆ ಪುಡಿಪುಡಿಯಾಗಿದ್ದು ಊದಿದರೆ ಹಾರುತ್ತದೆ. ಇಲ್ಲಿಯದು ಹಾಗಲ್ಲ, ಸೊನ್ನೆ ಡಿಗ್ರಿಯ ಆಚೀಚೆ ಆಡುವ ಹವೆಯಲ್ಲಿ ಬಿದ್ದು, ಬಿದ್ದಲ್ಲೇ ಅರೆಬರೆ ಕರಗಿ, ನೀರು ಕುಡಿದು ಭಾರವಾದ ಹಿಮ. ಹೊಸದಾಗಿ ಬಿದ್ದ ಹಗುರ ಹಿಮ ಘನ ಮೀಟರಿಗೆ 50ರಿಂದ 150 ಕಿಲೋದಷ್ಟು ತೂಗಿದರೆ, ಹೀಗೆ ಕುಸಿದು ಒದ್ದೆಯಾದದ್ದು 300 ಕಿಲೋ ದಾಟುವುದೂ ಉಂಟು. ಚಿತ್ರದಲ್ಲಿ ಈ ಎರಡಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಸಲಿಕೆ ಹಿಡಿದವರ ಸೊಂಟಕ್ಕೆ ಮಾತ್ರ ಗೊತ್ತಾಗುತ್ತದೆ.

ಊರಿನಲ್ಲಿ ಆಗಲೇ ಕೆಲಸ ಶುರುವಾಗಿತ್ತು. ನಸುಕಿನಲ್ಲಿ ಬಂದು ಹೋದ ಹಿಮ ತೆಗೆಯುವ ವಾಹನ ರಸ್ತೆಯ ನಡುವನ್ನು ತೆರವು ಮಾಡಿತ್ತು, ಆದರೆ ಅದು ಬದಿಗೆ ತಳ್ಳಿದ ಹಿಮವೆಲ್ಲ ಎರಡೂ ಕಡೆಯ ಮನೆಗಳ ಬಾಗಿಲಿಗೆ ಅಡ್ಡಲಾಗಿ ಗಟ್ಟಿ ದಿಣ್ಣೆಯಾಗಿ ಕೂತಿತ್ತು. ಇಷ್ಟು ಇಕ್ಕಟ್ಟಿನ ರಸ್ತೆಯಲ್ಲಿ ಅದನ್ನು ಬೇರೆಲ್ಲಿಗೆ ತಳ್ಳಲು ಸಾಧ್ಯ? ಪ್ರತಿ ಮನೆಯವರೂ ತಮ್ಮ ಬಾಗಿಲಿನಿಂದ ರಸ್ತೆಯವರೆಗೆ, ಮತ್ತೆ ರಸ್ತೆಯಿಂದ ಎದುರಿನ ದೋಣಿಮನೆಯ ಬಾಗಿಲವರೆಗೆ ಒಂದು ಕಾಲುದಾರಿ ಕಡಿದುಕೊಳ್ಳಬೇಕು. ಹಿಂದೆ ಅಂಗಳವಾಗಿದ್ದ ಜಾಗದಲ್ಲಿ ರಸ್ತೆ ಬಂದದ್ದರ ಬೆಲೆಯನ್ನು ಊರಿನವರು ವರ್ಷ ವರ್ಷವೂ ಹೀಗೆ ಕಟ್ಟುತ್ತಿದ್ದಾರೆ ಎಂದು ನನಗೆ ತೋರಿತು.

ಒಬ್ಬ ಅಜ್ಜಿ ಅಗಲವಾದ ಬಾಯಿಯ, ಎರಡು ಕೈಯಲ್ಲಿ ಹಿಡಿದು ತಳ್ಳುವ ದೊಡ್ಡ ಮೊರದಂಥ ಸಾಧನದಿಂದ ಹಿಮವನ್ನು ಜಾರಿಸಿಕೊಂಡು ಹೋಗುತ್ತಿದ್ದರು. ಹಿಮದ ನಾಡಿನವರು ಇದಕ್ಕೆ ಮಾಮಾಸಾನ್ ಡಂಪ್ ಎನ್ನುತ್ತಾರೆ. ಎತ್ತದೆ ನೂಕಿಕೊಂಡೇ ಹೋಗಬಹುದಾದ್ದರಿಂದ ಹೆಂಗಸರಿಗೂ ಸುಲಭ ಎಂಬುದು ಹೆಸರಿನ ಹಿಂದಿನ ವ್ಯಾಪಾರಿ ಜಾಣತನ. ಸುಲಭವೆಂಬುದು ಹೋಲಿಕೆಯ ಮಾತು. ಎರಡು ದೋಣಿಮನೆಗಳ ನಡುವಿನ ಸಂದಿಯಲ್ಲಿ ಅದನ್ನು ನೂಕಿಕೊಂಡು ಹೋಗಿ, ಅಂಚಿನಲ್ಲಿ ಮುಂಗೈ ತಿರುವಿ, ಹಿಮವನ್ನು ಕೊಲ್ಲಿಗೆ ಕೆಡವಿ ಹಿಂದಿರುಗುತ್ತಿದ್ದರು. ಕೆಡವಿದ ಹಿಮ ಒಮ್ಮೆಗೇ ಮುಳುಗುವುದಿಲ್ಲ. ಬೂದು ಬಣ್ಣದ ತೆಪ್ಪದಂತೆ ಸ್ವಲ್ಪ ಹೊತ್ತು ತೇಲಿ, ಅಡಿಯಿಂದ ತೂತುತೂತಾಗಿ, ಬಳಿಕ ಇಲ್ಲವಾಗುತ್ತದೆ. ನಾನು ನಿಂತು ನೋಡುತ್ತಿದ್ದುದನ್ನು ಕಂಡು ಅವರೂ ನಿಂತರು.

“ಎಲ್ಲಿಂದ ಬಂದಿರಿ?” ಎಂದು ಕೇಳಿದರು. ಭಾರತದಿಂದ, ಅಲ್ಲಿಯೂ ಕಡಲ ಊರಿನವನೇ ಎಂದೆ.

“ನಿಮ್ಮ ಕಡಲಿನಲ್ಲೂ ಹಿಮ ಬೀಳುತ್ತದೆಯೋ?”

“ಇಲ್ಲ ಅಜ್ಜಿ, ನಮ್ಮಲ್ಲಿ ಮಳೆ. ನಾಲ್ಕು ತಿಂಗಳು ಬಿಡದೆ ಸುರಿಯುತ್ತದೆ.”

“ಮಳೆಯಾದರೆ ತಾನಾಗಿ ಹರಿದು ಹೋಗುತ್ತದಲ್ಲ. ಎತ್ತಿ ಹಾಕಬೇಕಿಲ್ಲ,” ಎಂದು ಹೇಳಿ ಮತ್ತೆ ತಮ್ಮ ಕೆಲಸಕ್ಕೆ ತೊಡಗಿದರು.

ನಮ್ಮ ಮಳೆ ಹಾಗೆ ಸುಮ್ಮನೆ ಹರಿದು ಹೋಗುವುದಿಲ್ಲವೆಂದು ವಾದಿಸಬಹುದಾಗಿತ್ತು. ಆದರೆ ಅವರು ಹೇಳಿದ್ದು ನಡಿಗೆಯುದ್ದಕ್ಕೂ ನನ್ನ ಜೊತೆಗೆ ಬಂತು. ಹಿಮವನ್ನು ನಾವು ನೋಡುವ ವಸ್ತುವಾಗಿ ತಿಳಿದಿದ್ದೇವೆ. ಅದರೊಳಗೆ ಬದುಕುವವರಿಗೆ ಅದು ಎತ್ತಬೇಕಾದ ತೂಕ. ಎತ್ತಲು ಕೈಗಳಿದ್ದರೆ ಮಾತ್ರ ಮನೆಗೆ ಬಾಗಿಲಿರುತ್ತದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ನಡೆದಂತೆ ಆ ಬೆಳಗಿನ ಹಿಮ ಊರಿನ ಜನಗಣತಿಯ ಪಟ್ಟಿಯಂತೆ ಓದಿಸಿಕೊಳ್ಳತೊಡಗಿತು. ಬೇಸಿಗೆಯಲ್ಲಿ ಬಂದವರಿಗೆ 230 ದೋಣಿಮನೆಗಳೂ ಒಂದೇ ಬಗೆಯಾಗಿ ಕಾಣುತ್ತವೆ. ಹೊರಗಿನ ಮರದ ಹಲಗೆ, ಜಾರುಬಾಗಿಲು, ಕಿಟಕಿಯ ಕೆಳಗೆ ನೇತುಹಾಕಿದ ತೇಲುಬುಂಡೆ. ಹಿಮ ಬಿದ್ದ ಮರುದಿನ ಹಾಗಲ್ಲ. ಅಗಲವಾದ ಅಚ್ಚುಕಟ್ಟಾದ ದಾರಿ ಇದ್ದಲ್ಲಿ ದುಡಿಯುವ ಗಂಡಸೊಬ್ಬ ಇದ್ದಾನೆ. ಒಂದು ಸಲಿಕೆಯಗಲ, ಅಂಕುಡೊಂಕಾಗಿ, ನಡುವೆ ಎರಡು ಕಡೆ ನಿಂತು ಉಸಿರು ತೆಗೆದುಕೊಂಡ ಗುರುತಿರುವ ದಾರಿ ವಯಸ್ಸಾದವರದು. ಕೆಲವು ಬಾಗಿಲುಗಳಿಗೆ ಬೆಕ್ಕಿನ ಹೆಜ್ಜೆಗಳಷ್ಟೇ ಹೋಗಿದ್ದವು. ಇನ್ನು ಕೆಲವು ಮನೆಗಳ ಮುಂದೆ ಅಷ್ಟೂ ಇರಲಿಲ್ಲ. ವಾಹನ ತಳ್ಳಿದ ದಿಣ್ಣೆ ಹಾಗೆಯೇ ಇತ್ತು, ಅಂಚೆಪೆಟ್ಟಿಗೆಯ ಮೇಲೆ ಹಿಮದ ಟೋಪಿ ಕೂತಿತ್ತು, ಸೀಮೆಎಣ್ಣೆ ಒಲೆಯ ವಾಸನೆಯೂ ಹೊರಬರುತ್ತಿರಲಿಲ್ಲ. 2020ರ ಜನಗಣತಿಯ ಹೊತ್ತಿಗೆ ಗುಡ್ಡದ ಆಚೆಗಿನ ಹಳ್ಳಿಗಳನ್ನೂ ಸೇರಿಸಿ ಇಡೀ ಇನೆ ಪಟ್ಟಣದ ಜನಸಂಖ್ಯೆ ಎರಡು ಸಾವಿರಕ್ಕಿಂತ ಕೆಳಗೆ ಇಳಿದಿತ್ತು. ಆ ಅಂಕಿಯನ್ನು ಮೊದಲೇ ಓದಿದ್ದೆ. ಅದು ಯಾವ ಬಾಗಿಲು, ಯಾವ ಬಾಗಿಲಲ್ಲ ಎಂಬುದನ್ನು ತೋರಿಸಿದ್ದು ಹಿಮ.

ನಮ್ಮ ಕಡೆ ಈ ಕೆಲಸವನ್ನು ಮಾಡುವುದು ಪಾಚಿ ಮತ್ತು ಹುಲ್ಲು. ಕುಂದಾಪುರದ ಸುತ್ತಮುತ್ತ ಮಳೆಗಾಲದ ನಡುವೆ ನಡೆದು ನೋಡಿ: ಅಂಗಳದ ಪಾಚಿಯನ್ನು ಉಜ್ಜಿದ ಮನೆಗಳಲ್ಲಿ ಜನವಿದೆ, ಮೆಟ್ಟಿಲವರೆಗೂ ಹುಲ್ಲೆದ್ದ ಮನೆಗಳವರು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಕೊಲ್ಲಿ ದೇಶಗಳಲ್ಲೋ ಇದ್ದಾರೆ, ಬೀಗದ ಕೈ ಪಕ್ಕದ ಮನೆಯಲ್ಲಿದೆ. ನಾನೂ ಅಂಥ ಬೀಗದ ಕೈಯೊಂದರ ವಾರಸುದಾರನೇ ಆದ್ದರಿಂದ ಇನೆಯ ಮುಚ್ಚಿದ ಬಾಗಿಲುಗಳನ್ನು ಹೊರಗಿನವನ ಕುತೂಹಲದಿಂದ ಎಣಿಸಲು ನನ್ನಿಂದಾಗಲಿಲ್ಲ. ಊರು ಬಿಟ್ಟವರ ಕಥೆ ಈ ಪಟ್ಟಣಕ್ಕೆ ಹೊಸದೂ ಅಲ್ಲ. ಜಪಾನಿನ ಮಕ್ಕಳಿಗೆಲ್ಲ ಗೊತ್ತಿರುವ ಉರಾಶಿಮಾನ ಹೆಸರಿನ ದೇವಸ್ಥಾನ ಇದೇ ಪಟ್ಟಣದ ಉತ್ತರ ಭಾಗದಲ್ಲಿದೆ. ಸ್ಥಾಪನೆಯ ವರ್ಷವನ್ನು 825 ಎಂದು ಹೇಳುತ್ತಾರೆ. ಆಮೆಯ ಜೊತೆ ಕಡಲಿನೊಳಗಿನ ಲೋಕಕ್ಕೆ ಹೋದ ಆ ಮೀನುಗಾರ ಸ್ವಲ್ಪ ಕಾಲ ಇದ್ದು ಹಿಂದಿರುಗುವಾಗ ಊರಿನಲ್ಲಿ ಮುನ್ನೂರು ವರ್ಷ ಕಳೆದುಹೋಗಿರುತ್ತವೆ, ಅವನ ಗುರುತಿನವರು ಒಬ್ಬರೂ ಉಳಿದಿರುವುದಿಲ್ಲ. ಎಂಟನೆಯ ಶತಮಾನದಷ್ಟು ಹಿಂದೆಯೇ ತಾಂಗೋದ ವೃತ್ತಾಂತದಲ್ಲಿ ಈ ಕಥೆ ಬರಹಕ್ಕೆ ಇಳಿದಿತ್ತು. ಮಕ್ಕಳ ಕಥೆಯೆಂದು ಹೇಳುತ್ತಾರೆ; ಪರದೇಶದಲ್ಲಿ ದುಡಿಯುವವರು ಅದನ್ನು ರಾತ್ರಿ ಹೊತ್ತು ಓದದಿರುವುದು ಒಳ್ಳೆಯದು.

ದಡದ ನಡುಭಾಗದಲ್ಲಿ ರಸ್ತೆ ತಿರುಗುವ ಕಡೆ ನಿಂತರೆ ಎದುರು ದಡದ ದೋಣಿಮನೆಗಳ ಸಾಲು ಪೂರ್ತಿಯಾಗಿ ಕಾಣುತ್ತದೆ. ಆಗ ಗಮನಕ್ಕೆ ಬಂದದ್ದು ಮಾಡಿನ ದಿಕ್ಕು. ದೋಣಿಮನೆಯ ತ್ರಿಕೋನಾಕಾರದ ಮುಖ ಕಡಲಿಗಿದೆ. ಎಂದರೆ ಮಾಡಿನ ಎರಡು ಇಳಿಜಾರುಗಳು ಅಕ್ಕಪಕ್ಕದ ಮನೆಗಳ ಕಡೆಗೆ ಇಳಿಯುತ್ತವೆ. ಇದರಿಂದ ದೋಣಿ ಒಳಬರುವ ಬಾಯಿಯ ಮೇಲೆ ಹಿಮ ಜಾರಿ ಬೀಳುವುದಿಲ್ಲ. ಆದರೆ ಬೀಳಬೇಕಾದದ್ದೆಲ್ಲ ಎರಡು ಮನೆಗಳ ನಡುವಿನ, ಒಬ್ಬ ಮನುಷ್ಯ ಓರೆಯಾಗಿ ತೂರಿಕೊಳ್ಳುವಷ್ಟೇ ಅಗಲದ ಸಂದಿಗೆ ಬೀಳುತ್ತದೆ, ಅಲ್ಲಿ ಹಲಗೆಯ ಗೋಡೆಗೆ ಒರಗಿ ದಿನಗಟ್ಟಲೆ ಒದ್ದೆಯಾಗಿ ಕೂತಿರುತ್ತದೆ. ಎರಡು ಮನೆಗಳ ಹಿಮ ಒಂದೇ ಸಂದಿಯಲ್ಲಿ ಬೆರೆತ ಮೇಲೆ ಯಾರ ಹಿಮ ಯಾರದು ಎಂದು ಹೇಳಲಾಗದು. ನೆರೆಹೊರೆಯವರ ನಡುವೆ ಮಾತು ಚೆನ್ನಾಗಿಲ್ಲದಿದ್ದರೆ ಇಂಥ ಊರಿನಲ್ಲಿ ಒಂದು ಚಳಿಗಾಲವನ್ನೂ ಕಳೆಯುವುದು ಕಷ್ಟವೆಂದು ಆ ಸಂದಿಗಳನ್ನು ನೋಡಿದವರಿಗೆ ತಿಳಿಯುತ್ತದೆ. ಹೆಂಚುಗಳ ಮೇಲೆ ಅಲ್ಲಲ್ಲಿ ಹಿಮ ತಡೆಯುವ ಸಣ್ಣ ಉಬ್ಬುಗಳಿದ್ದವು. ಒಮ್ಮೆಗೇ ಜಾರಿ ಬೀಳದೆ ಮಾಡಿನ ಮೇಲೆಯೇ ನಿಧಾನವಾಗಿ ಕರಗಲಿ ಎಂದು ಮಾಡಿದ್ದು.

2005ರಲ್ಲಿ ಜಪಾನ್ ಸರಕಾರ ಇನೆಯನ್ನು ಸಂರಕ್ಷಿತ ಪಾರಂಪರಿಕ ಕಟ್ಟಡ ಸಮೂಹಗಳ ಪಟ್ಟಿಗೆ ಸೇರಿಸಿತು. ಮೀನುಗಾರರ ಊರೊಂದು ಆ ಪಟ್ಟಿಗೆ ಬಂದದ್ದು ಅದೇ ಮೊದಲು. ಗುರುತಿಸಿದ ಪ್ರದೇಶ ಸುಮಾರು 310 ಹೆಕ್ಟೇರ್. ಮನೆಗಳು ಅದರಲ್ಲಿ ಚಿಕ್ಕ ಪಾಲು; ಕೊಲ್ಲಿಯ ನೀರು, ಅಓಶಿಮಾ, ಹಿಂದಿನ ಗುಡ್ಡದ ಕಾಡು ಎಲ್ಲವೂ ಸೇರಿದೆ. ಕಾಡನ್ನು ಸೇರಿಸಿದ್ದು ಬುದ್ಧಿವಂತಿಕೆ. ಕಡಲಂಚಿನ ಕಾಡಿನ ನೆರಳಿಗೆ ಮೀನು ಬರುತ್ತದೆಂಬ ನಂಬಿಕೆಯಿಂದ ಜಪಾನಿನ ಮೀನುಗಾರರು ಇಂಥ ಗುಡ್ಡಗಳನ್ನು ತಲೆಮಾರುಗಳಿಂದ ಕಡಿಯದೆ ಕಾಪಾಡಿಕೊಂಡು ಬಂದಿದ್ದಾರೆ. ಆ ದಿನ ಅಓಶಿಮಾದ ನಿತ್ಯಹಸಿರು ಮರಗಳು ಹಿಮವನ್ನು ಹೊತ್ತುಕೊಂಡೂ ಕಪ್ಪು ಹಸಿರಾಗಿಯೇ ಕಾಣುತ್ತಿದ್ದವು. ಆ ದ್ವೀಪದಲ್ಲಿ ತಿಮಿಂಗಿಲಗಳ ಸಮಾಧಿಯೂ ಇದೆ. ಹಿಂದೆ ಕೊಲ್ಲಿಯೊಳಕ್ಕೆ ಬಂದ ತಿಮಿಂಗಿಲಗಳನ್ನು ಕೊಲ್ಲಿಯ ಬಾಯಿಗೆ ಬಲೆ ಕಟ್ಟಿ ಹಿಡಿಯುತ್ತಿದ್ದ ಊರು ಇದು. ಕೊಂದವರೇ ಕಲ್ಲು ನೆಟ್ಟು ಪೂಜಿಸಿದ್ದಾರೆ.

ಧಕ್ಕೆಯಲ್ಲಿ ನನಗೆ ಬೇಕಾದ ಗದ್ದಲ ಸಿಕ್ಕಿತು. ಇನೆಯ ಮೀನುಗಾರಿಕೆಯ ದೊಡ್ಡ ಪಾಲು ಕಡಲಿನಲ್ಲಿ ಒಂದೇ ಕಡೆ ಲಂಗರು ಹಾಕಿ ನಿಲ್ಲಿಸಿಟ್ಟ ಭಾರೀ ಬಲೆಗಳದು. ಮೀನನ್ನು ಹುಡುಕಿಕೊಂಡು ಹೋಗುವುದಿಲ್ಲ. ದಡದ ಗುಂಟ ಬರುವ ಮೀನು ಅಡ್ಡಗೋಡೆಯಂಥ ಬಲೆಗೆ ತಾಗಿ ತಿರುಗಿ, ಒಂದರೊಳಗೊಂದು ಇರುವ ಕೋಣೆಗಳಿಗೆ ತಾನೇ ಹೋಗಿ ಸೇರಿಕೊಳ್ಳುತ್ತದೆ. ಬೆಳಗಿನ ಜಾವ ಹೋಗಿ ಕೊನೆಯ ಕೋಣೆಯನ್ನು ಎತ್ತಿದರಾಯಿತು. ಗಾಳಿ ಜೋರಾದ ದಿನ ಹೋಗುವಂತಿಲ್ಲ, ಅಂದು ಹೋಗಿದ್ದರು. ಕಿತ್ತಳೆ ಬಣ್ಣದ ರಬ್ಬರಿನ ಮೇಲಂಗಿ ತೊಟ್ಟ ಆಳುಗಳು ಐಸ್‌ನೀರಿನ ತೊಟ್ಟಿಗಳಿಂದ ಮೀನು ಬೇರ್ಪಡಿಸುತ್ತಿದ್ದರು. ತೋಳುದ್ದದ ಬುರಿಗಳನ್ನು ಒಬ್ಬೊಬ್ಬರೇ ಬಾಲ ಹಿಡಿದು ಎತ್ತಿ ತೂಕಕ್ಕೆ ಇಡುತ್ತಿದ್ದರು. ಸುತ್ತ ಎಲ್ಲೆಲ್ಲೂ ಹಿಮ ಬಿದ್ದಿರುವಾಗ ಮೀನಿಗೆ ಐಸು ಯಂತ್ರದಿಂದ ಸುರಿಯುತ್ತಿದ್ದುದನ್ನು ಕಂಡು ನನಗೆ ನಗು ಬಂತು. ನೆಲದ ಹಿಮ ಮೀನಿಗೆ ತಾಗಿಸುವಂಥದ್ದಲ್ಲವೆಂಬುದು ಸರಿ. ಇಂದಿನ ದೋಣಿಗಳು ಫೈಬರಿನವು, ಹಳೆಯ ದೋಣಿಮನೆಗಳ ಬಾಯಿಗೆ ಹಿಡಿಸುವುದಿಲ್ಲ. ಹೆಚ್ಚಿನವು ಹೊರಗೆ ಕಟ್ಟಿಕೊಂಡು ಹಿಮ ಹೊತ್ತು ನಿಂತಿದ್ದವು. ಒಳಗಿನ ಕಲ್ಲುಹಾಸಿನ ಮೇಲೆ ಈಗ ಬಲೆ, ಬುಟ್ಟಿ, ಮೀನು ಹೆಚ್ಚುವ ಮಣೆ, ಸೈಕಲ್ಲು.

ಮಧ್ಯಾಹ್ನದ ಊಟಕ್ಕೆ ಅದೇ ಬುರಿಯನ್ನು ತೆಳುವಾಗಿ ಸೀಳಿ, ಕುದಿಯುವ ಸಾರಿನಲ್ಲಿ ಒಂದೆರಡು ಕ್ಷಣ ಅದ್ದಿ ತೆಗೆದು ತಿನ್ನುವ ಬುರಿ ಶಾಬು ಇತ್ತು. ಅದು ಹುಟ್ಟಿದ್ದು ತಮ್ಮ ಕಡೆಯಲ್ಲೇ ಎಂದು ತಾಂಗೋದವರು ಹೇಳಿಕೊಳ್ಳುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ಹೆಶಿಕೊ. ಬಂಗುಡೆಯ ದೊಡ್ಡ ದಾಯಾದಿಯಂಥ ಮೀನನ್ನು ಉಪ್ಪಿನಲ್ಲಿಟ್ಟು, ಆಮೇಲೆ ಅಕ್ಕಿ ತೌಡಿನಲ್ಲಿ ಹೂತು, ಕಲ್ಲು ಹೇರಿ, ತಿಂಗಳುಗಟ್ಟಲೆ ಬಿಟ್ಟು ಮಾಡಿದ್ದು. ಒಂದು ಚೂರಿಗೆ ಒಂದು ಬಟ್ಟಲು ಅನ್ನ ಹೋಗುತ್ತದೆ. ಮಳೆಗಾಲದಲ್ಲಿ ಒಣಮೀನು ಸುಟ್ಟು ಗಂಜಿ ಉಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದಡದಲ್ಲೇ 1754ರಲ್ಲಿ ಶುರುವಾದ ಮುಕಾಯ್ ಎಂಬ, ಸಾಕೆ ಅಂದರೆ ಅಕ್ಕಿಯ ಮದ್ಯ ಮಾಡುವ ಭಟ್ಟಿಯಿದೆ. ಕೆಂಪಕ್ಕಿಯಿಂದ ಮಾಡಿದ ಅವರ ಸಾಕೆ ದಾಸವಾಳದ ನೀರಿನ ಬಣ್ಣದ್ದು, ಹುಳಿ ಮಿಶ್ರಿತ ಸಿಹಿ. ಹೆಶಿಕೊದ ಉಪ್ಪಿಗೆ ಅದು ಸರಿಯಾದ ಜೋಡಿ.

ಪ್ರವಾಸಿಗಳ ಬಗ್ಗೆ ನನಗೆ ಈ ಊರಿನಲ್ಲಿ ಸ್ವಲ್ಪ ಅಸಹನೆಯೇ ಇತ್ತು. ದೋಣಿಮನೆಗಳೆಲ್ಲ ಖಾಸಗಿ ಆಸ್ತಿ, ಒಳಗೆ ಬರಬೇಡಿ ಎಂಬ ಫಲಕಗಳನ್ನು ನಾಲ್ಕು ಭಾಷೆಗಳಲ್ಲಿ ಹಾಕಬೇಕಾಗಿ ಬಂದಿರುವ ಊರಿನ ಕಷ್ಟ ಯಾರಿಗಾದರೂ ಅರ್ಥವಾಗುವಂಥದ್ದು. ಆದರೆ ನಡಿಗೆಯ ಹೊತ್ತಿಗೆ ಬೇರೊಂದು ಲೆಕ್ಕವೂ ಕಾಣತೊಡಗಿತು. ಸಂರಕ್ಷಣೆಯ ಕಾನೂನು ಹಲಗೆ, ಹೆಂಚು, ಕಟ್ಟಡದ ಹೊರರೂಪಗಳ ದುರಸ್ತಿಗೆ ನೆರವು ಕೊಡುತ್ತದೆ. ಬಾಗಿಲ ಮುಂದಿನ ಹಿಮ ಎತ್ತುವ ಕೈಗಳನ್ನು ಕೊಡುವ ಕಾನೂನಿಲ್ಲ. ಅಂದು ಎಲ್ಲಕ್ಕಿಂತ ಅಗಲವಾಗಿ ಹಿಮ ತೆಗೆದಿದ್ದ ಬಾಗಿಲುಗಳಲ್ಲಿ ಹಲವು, ದೋಣಿಮನೆಯ ಉಪ್ಪರಿಗೆಯನ್ನು ದಿನಕ್ಕೆ ಒಂದೇ ಕುಟುಂಬಕ್ಕೆ ಬಾಡಿಗೆಗೆ ಕೊಡುವ ವಸತಿಗಳವು. ಯಜಮಾನರು ರಸ್ತೆಯಾಚೆಯ ಮನೆಯಲ್ಲಿರುತ್ತಾರೆ, ಮೀನಿಗೂ ಹೋಗುತ್ತಾರೆ, ಅತಿಥಿ ಬರುವನೆಂದರೆ ಸಲಿಕೆಯನ್ನೂ ಹಿಡಿಯುತ್ತಾರೆ.

ನಾನು ತಂಗಿದ್ದ ಮನೆಯ ಯಜಮಾನರು ಮಧ್ಯಾಹ್ನ ಮತ್ತೆ ಹಿಮ ತೆಗೆಯುತ್ತಿದ್ದರು. ಸಂಜೆಯ ಬಸ್ಸಿಗೆ ಬರುವ ಕುಟುಂಬದ ಜೊತೆ ಗಾಲಿಕುರ್ಚಿಯ ಹಿರಿಯರೊಬ್ಬರು ಇದ್ದಾರಂತೆ, ಬಸ್ ನಿಲ್ದಾಣದಿಂದ ಬಾಗಿಲವರೆಗೆ ಬದಿಯ ಪಟ್ಟಿ ಪೂರ್ತಿ ತೆರವಾಗಬೇಕು. ಅಷ್ಟು ದೂರದಲ್ಲಿ ನಾಲ್ಕು ಮನೆಗಳು ಬರುತ್ತವೆ, ಅವುಗಳಲ್ಲಿ ಎರಡಕ್ಕೆ ಬೀಗ. ನಾನೂ ಒಂದು ಸಲಿಕೆ ತೆಗೆದುಕೊಂಡೆ. ಎರಡನೆಯ ಬೀಗದ ಮನೆಯವರು ಒಸಾಕಾದಲ್ಲಿದ್ದಾರೆ, ಆಗಸ್ಟಿನ ಒಬೋನ್ ಹಬ್ಬಕ್ಕೆ ಮಾತ್ರ ಬರುತ್ತಾರೆ ಎಂದು ಅವರು ಹೇಳಿದರು; ಹೇಳುತ್ತಲೇ ಅವರ ಬಾಗಿಲಿಗೂ ಒಂದು ಕವಲು ದಾರಿ ಕಡಿದರು. ಯಾರೂ ಇಲ್ಲದ ಮನೆಗೆ ದಾರಿ ಯಾಕೆ ಎಂದು ಕೇಳಿದೆ. ನೀರಿನ ಕೊಳವೆ ಚಳಿಗೆ ಒಡೆದರೆ ಒಳಗೆ ಹೋಗಬೇಕಾಗುತ್ತದೆ, ಬೀಗದ ಕೈ ನನ್ನ ಹತ್ತಿರವೇ ಇದೆ ಎಂದರು. ಹವಾಮಾನ ವರದಿಯ ಪ್ರಕಾರ ರಾತ್ರಿ ಇನ್ನೊಂದು ಸುತ್ತು ಹಿಮವಿತ್ತು. ನಾವು ಮಾಡಿದ್ದೆಲ್ಲ ಬೆಳಿಗ್ಗೆಗೆ ಮತ್ತೆ ಮುಚ್ಚಿಹೋಗುವುದೆಂದು ಇಬ್ಬರಿಗೂ ಗೊತ್ತಿತ್ತು. ಬಸ್ಸು ಬರುವ ಹೊತ್ತಿಗೆ ಪಟ್ಟಿ ಮುಗಿಯಿತು, ಗಾಲಿಕುರ್ಚಿ ಎಲ್ಲೂ ಸಿಕ್ಕಿಕೊಳ್ಳದೆ ದಾಟಿತು, ಅದೇ ಬಸ್ಸು ತಿರುಗಿ ಹೊರಟಾಗ ನಾನು ಹತ್ತಿಕೊಂಡೆ.